ನ್ಯಾನೋ ಕೀಮೋ: ಗಡ್ಡೆಗಿಂತ ಹೆಚ್ಚಾಗಿ ಹೃದಯವನ್ನು ಕಾದ ಔಷಧಿ

ಕ್ಯಾನ್ಸರ್ ಇರುವ ಇಲಿಯ ರಕ್ತಕ್ಕೆ ಸಾವಿರ ನ್ಯಾನೋಕಣಗಳನ್ನು (ಔಷಧಿ ಹೊರಬಲ್ಲ ಅತಿಸೂಕ್ಷ್ಮ ಕಣಗಳು) ಬಿಟ್ಟರೆ ಗಡ್ಡೆಗೆ ಹೋಗಿ ಸೇರುವುದು ಏಳು. ಉಳಿದ 993 ಬೇರೆ ಕಡೆ ಹೋಗುತ್ತವೆ. ಇದು ಕೆನಡಾದ ಟೊರೊಂಟೊ ವಿಶ್ವವಿದ್ಯಾಲಯದ ವಾರೆನ್ ಚಾನ್ ಅವರ ತಂಡ 2016ರಲ್ಲಿ ಕೊಟ್ಟ ಲೆಕ್ಕ. ಹಿಂದಿನ ಹತ್ತು ವರ್ಷಗಳಲ್ಲಿ ಪ್ರಕಟವಾದ 117 ಸಂಶೋಧನಾ ಲೇಖನಗಳನ್ನು ಅವರು ಒಟ್ಟಿಗೆ ಇಟ್ಟು ನೋಡಿದರು. ಚುಚ್ಚಿದ ಕಣಗಳಲ್ಲಿ ಗಡ್ಡೆಗೆ ತಲುಪಿದ್ದು, ಮಧ್ಯಾಂಕದ ಲೆಕ್ಕದಲ್ಲಿ, ಶೇ. 0.7 ಮಾತ್ರ.

ಪತ್ರಿಕೆಗಳಲ್ಲಿ, ವಾಟ್ಸಾಪಿನಲ್ಲಿ ನಾವು ಓದುವುದು ಬೇರೆಯೇ ಕಥೆ. ನ್ಯಾನೋಕಣ ನೇರವಾಗಿ ಗಡ್ಡೆಗೆ ಹೋಗುತ್ತದೆ, ಒಳ್ಳೆಯ ಜೀವಕೋಶಗಳನ್ನು ಮುಟ್ಟುವುದೇ ಇಲ್ಲ, ಇನ್ನು ಕೂದಲು ಉದುರುವುದಿಲ್ಲ, ವಾಂತಿ ಇಲ್ಲ. ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಬಂದಿದ್ದರೆ ಇಂಥ ಸುದ್ದಿ ಓದಿದವರ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿಯೇ ಈ ವಿಷಯವನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕು. ನ್ಯಾನೋ ಔಷಧಿಗಳು ಸುಳ್ಳಲ್ಲ. 1995ರಿಂದಲೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿವೆ, ಸಾವಿರಾರು ಜನರಿಗೆ ನಿಜವಾಗಿ ನೆರವಾಗಿವೆ. ಆದರೆ ಅವು ನೆರವಾದ ಬಗೆ ಸುದ್ದಿಗಳು ಹೇಳುವಂಥದ್ದಲ್ಲ. ಗಡ್ಡೆಯನ್ನು ಹುಡುಕಿ ಹೊಡೆಯುವುದರಲ್ಲಿ ಅವುಗಳ ಸಾಧನೆ ಸಾಧಾರಣ. ದೇಹದ ಉಳಿದ ಭಾಗವನ್ನು ಕಾಪಾಡುವುದರಲ್ಲಿ ಮಾತ್ರ ದೊಡ್ಡದು.

ಡಾಕ್ಸೊರುಬಿಸಿನ್ ಎಂಬ ಔಷಧಿಯನ್ನೇ ನೋಡಿ. ಸ್ತನ ಕ್ಯಾನ್ಸರಿಗೆ ಕೀಮೋ ತೆಗೆದುಕೊಂಡ ಅನೇಕರಿಗೆ ಇದು 'ಕೆಂಪು ಔಷಧಿ' ಎಂದೇ ಗೊತ್ತು. ಡ್ರಿಪ್ಪಿನಲ್ಲಿ ಹೋಗುವಾಗಲೂ ಕೆಂಪು, ಆಮೇಲೆ ಮೂತ್ರವೂ ಒಂದೆರಡು ದಿನ ಕೆಂಪು. ಇಟಲಿಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಜೀವಿಯಿಂದ ಬಂದ ಔಷಧಿ ಇದು, ಬಹಳ ಶಕ್ತಿಶಾಲಿ. ತೊಂದರೆ ಏನೆಂದರೆ ಇದು ಹೃದಯದ ಸ್ನಾಯುವನ್ನು ಹಾಳು ಮಾಡುತ್ತದೆ, ಆ ಹಾನಿ ಸುಲಭವಾಗಿ ವಾಪಸ್ ಸರಿಹೋಗುವುದಿಲ್ಲ. ಅದಕ್ಕೇ ಒಬ್ಬರಿಗೆ ಇಡೀ ಜೀವಮಾನದಲ್ಲಿ ಕೊಡಬಹುದಾದ ಒಟ್ಟು ಪ್ರಮಾಣಕ್ಕೆ ಮಿತಿ ಇದೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಸುಮಾರು 450ರಿಂದ 550 ಮಿಲಿಗ್ರಾಂ. ಅದನ್ನು ದಾಟಿದರೆ ಹೃದಯ ಸೋಲುವ ಅಪಾಯ ಜೋರಾಗಿ ಏರುತ್ತದೆ. ಅಂದರೆ ಔಷಧಿ ಇನ್ನೂ ಕೆಲಸ ಮಾಡುತ್ತಿರುವಾಗಲೇ ಅದನ್ನು ನಿಲ್ಲಿಸಬೇಕಾದ ಪರಿಸ್ಥಿತಿ ಬರಬಹುದು.

ಈ ಬಿಕ್ಕಟ್ಟಿಗೆ ಜೆರುಸಲೇಮಿನ ಇಬ್ಬರು ವಿಜ್ಞಾನಿಗಳು ದಾರಿ ಹುಡುಕಿದರು. ಒಬ್ಬರು ಹೀಬ್ರೂ ವಿಶ್ವವಿದ್ಯಾಲಯದ ಯೆಹೆಜ್ಕೆಲ್ ಬಾರೆನ್‌ಹೋಲ್ಜ್, ಇನ್ನೊಬ್ಬರು ಹದಾಸ್ಸಾ ಆಸ್ಪತ್ರೆಯ ಆಲ್ಬರ್ಟೊ ಗಬಿಝಾನ್. ಕೊಬ್ಬಿನ ಅಣುಗಳಿಂದ ಆದ, ಒಳಗೆ ನೀರಿರುವ ಪುಟ್ಟ ಗುಳ್ಳೆಗೆ ಲೈಪೊಸೋಮ್ ಎನ್ನುತ್ತಾರೆ. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಅದನ್ನು ಗುರುತಿಸಿದ್ದರು. ಅದರೊಳಗೆ ಡಾಕ್ಸೊರುಬಿಸಿನ್ ತುಂಬಿ ಕಳಿಸಿದರೆ ಹೇಗೆ ಎಂಬುದು ಜೆರುಸಲೇಮಿನವರ ಯೋಚನೆ.

ಹೇಳಿದಷ್ಟು ಸುಲಭ ಇರಲಿಲ್ಲ. ಮೊದಲನೆಯದು, ಔಷಧಿ ಗುಳ್ಳೆಯೊಳಗೆ ನಿಲ್ಲಬೇಕು, ದಾರಿಯಲ್ಲಿ ಸೋರಬಾರದು. ಅದಕ್ಕೆ ಅವರು ಗುಳ್ಳೆಯೊಳಗೆ ಮೊದಲೇ ಅಮೋನಿಯಂ ಸಲ್ಫೇಟ್ ಇಟ್ಟರು. ಒಳಗೆ ಬಂದ ಡಾಕ್ಸೊರುಬಿಸಿನ್ ಆ ಸಲ್ಫೇಟಿನ ಜೊತೆ ಸೇರಿ ಹರಳುಗಟ್ಟಿ ಅಲ್ಲೇ ಉಳಿಯಿತು. ಎರಡನೆಯದು, ಹೊರಗಿನಿಂದ ಬಂದ ಇಂಥ ಕಣಗಳನ್ನು ರಕ್ತದಲ್ಲಿ ಗುರುತಿಸಿ ನುಂಗುವ ಜೀವಕೋಶಗಳು ನಮ್ಮ ದೇಹದಲ್ಲಿವೆ. ಅವುಗಳ ಕಣ್ಣು ತಪ್ಪಿಸಲು ಗುಳ್ಳೆಯ ಹೊರಮೈಗೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪದಾರ್ಥದ ಉದ್ದುದ್ದ ಎಳೆಗಳನ್ನು ಅಂಟಿಸಿದರು. ಎಳೆಗಳ ಸುತ್ತ ನೀರು ನಿಲ್ಲುತ್ತದೆ, ರಕ್ತದ ಪ್ರೋಟೀನುಗಳು ಕಣಕ್ಕೆ ಬೇಗ ಅಂಟುವುದಿಲ್ಲ. ಮಾಮೂಲಿ ಡಾಕ್ಸೊರುಬಿಸಿನ್ ಕೆಲವೇ ನಿಮಿಷಗಳಲ್ಲಿ ರಕ್ತ ಬಿಟ್ಟು ಅಂಗಗಳಿಗೆ ಇಳಿದುಬಿಡುತ್ತದೆ. ಈ ಗುಳ್ಳೆಯಲ್ಲಿ ಇಟ್ಟದ್ದು ದಿನಗಟ್ಟಲೆ ರಕ್ತದಲ್ಲೇ ಸುತ್ತುತ್ತದೆ.

ಗುಳ್ಳೆಯ ಅಗಲ 80ರಿಂದ 100 ನ್ಯಾನೋಮೀಟರ್. ನಮ್ಮ ತಲೆಕೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೋಮೀಟರ್, ಕೆಂಪು ರಕ್ತಕಣದ ಅಗಲ ಸುಮಾರು ಏಳು ಸಾವಿರ. ಇಷ್ಟು ಚಿಕ್ಕದಾದರೂ ಹೃದಯದ ರಕ್ತನಾಳಗಳ ಒಳಪದರ ಬಿಗಿಯಾಗಿರುವುದರಿಂದ ಈ ಗುಳ್ಳೆ ಅಲ್ಲಿ ಹೊರಗೆ ನುಸುಳಲಾರದು. ಹೃದಯ ಉಳಿಯುವುದು ಹೀಗೆ. 1995ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು, ಡಾಕ್ಸಿಲ್ ಎಂಬ ಹೆಸರಿನಲ್ಲಿ. ಅಲ್ಲಿ ಒಪ್ಪಿಗೆ ಪಡೆದ ಮೊದಲ ನ್ಯಾನೋ ಔಷಧಿ ಇದೇ. ಮೊದಲು ಏಡ್ಸ್ ರೋಗಿಗಳಿಗೆ ಬರುವ ಕಪೋಸಿ ಸಾರ್ಕೋಮಾ ಎಂಬ ಕ್ಯಾನ್ಸರಿಗೆ, ಆಮೇಲೆ ಅಂಡಾಶಯದ ಕ್ಯಾನ್ಸರಿಗೆ.

ಈಗ ಮುಖ್ಯ ಪ್ರಶ್ನೆ. ಇದು ಮಾಮೂಲಿ ಕೆಂಪು ಔಷಧಿಗಿಂತ ಕ್ಯಾನ್ಸರನ್ನು ಜಾಸ್ತಿ ಕೊಲ್ಲುತ್ತದೆಯೇ? ದೇಹದ ಬೇರೆ ಕಡೆಗೂ ಹರಡಿದ ಸ್ತನ ಕ್ಯಾನ್ಸರ್ ಇದ್ದ 509 ಮಹಿಳೆಯರ ಮೇಲೆ ಎರಡನ್ನೂ ಹೋಲಿಸಿ ನೋಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ಮತ್ತೆ ಬೆಳೆಯುವವರೆಗಿನ ಅವಧಿ ಲೈಪೊಸೋಮ್ ಪಡೆದವರಲ್ಲಿ 6.9 ತಿಂಗಳು, ಮಾಮೂಲಿ ಔಷಧಿ ಪಡೆದವರಲ್ಲಿ 7.8 ತಿಂಗಳು. ಬದುಕಿದ ಅವಧಿ 21 ಮತ್ತು 22 ತಿಂಗಳು. ಅಂದರೆ ಎರಡೂ ಸರಿಸುಮಾರು ಒಂದೇ. ಆದರೆ ಹೃದಯಕ್ಕೆ ಆದ ಹಾನಿಯಲ್ಲಿ ದೊಡ್ಡ ಅಂತರ ಇತ್ತು: ಮಾಮೂಲಿ ಔಷಧಿಯಲ್ಲಿ ಆ ಅಪಾಯ ಮೂರು ಪಟ್ಟು. ಕೂದಲು ಉದುರಿದ್ದು ಮಾಮೂಲಿ ಔಷಧಿಯಲ್ಲಿ ಶೇ. 66 ಜನರಿಗೆ, ಲೈಪೊಸೋಮಿನಲ್ಲಿ ಶೇ. 20 ಜನರಿಗೆ.

ಹಾಗಂತ ಅಡ್ಡಪರಿಣಾಮ ಇಲ್ಲವೇ ಇಲ್ಲ ಅನ್ನೋ ಹಾಗಿಲ್ಲ. ಅದೇ ಅಧ್ಯಯನದಲ್ಲಿ ಲೈಪೊಸೋಮ್ ಪಡೆದ ಶೇ. 48 ಮಹಿಳೆಯರಿಗೆ ಅಂಗೈ, ಅಂಗಾಲು ಕೆಂಪಾಗಿ, ಉರಿದು, ಸಿಪ್ಪೆ ಏಳುವ ತೊಂದರೆ ಬಂತು. ಮಾಮೂಲಿ ಔಷಧಿಯಲ್ಲಿ ಅದು ಶೇ. 2 ಮಾತ್ರ. ದಿನಗಟ್ಟಲೆ ರಕ್ತದಲ್ಲಿ ಸುತ್ತುವ ಕಣ ಚರ್ಮಕ್ಕೂ ಇಳಿಯುತ್ತದೆ, ಅಲ್ವಾ? ಅದಕ್ಕೇ ಈ ಔಷಧಿ ಕೊಟ್ಟ ಮೇಲೆ ಕೆಲವು ದಿನ ಬಿಸಿನೀರಿಗೆ ಕೈ ಹಾಕಬೇಡಿ, ಬಿಗಿ ಚಪ್ಪಲಿ ಹಾಕಬೇಡಿ ಎಂದು ಹೇಳುತ್ತಾರೆ. ಪಾತ್ರೆ ತೊಳೆಯುವ, ಬಟ್ಟೆ ಒಗೆಯುವ, ಹೊಲದಲ್ಲಿ ದುಡಿಯುವ ಹೆಂಗಸಿಗೆ ಇದು ಸಣ್ಣ ಮಾತಲ್ಲ. ಮನೆಯವರು ಆ ಕೆಲಸಗಳನ್ನು ತಾವು ಹೊತ್ತುಕೊಳ್ಳಬೇಕು. ಮೊದಲ ಡೋಸಿಗೂ ಮುಂಚೆಯೇ ಇದನ್ನು ಕೂರಿಸಿಕೊಂಡು ಹೇಳುವ ನರ್ಸ್ ಒಬ್ಬರಿದ್ದರೆ ಅರ್ಧ ಕಷ್ಟ ತಪ್ಪುತ್ತದೆ ಎಂದು ನನ್ನ ನಂಬಿಕೆ.

ಹಾಗಾದರೆ ಗಡ್ಡೆಗೇ ಹೋಗುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂತು? 1986ರಲ್ಲಿ ಜಪಾನಿನ ಕುಮಾಮೊಟೊದಲ್ಲಿ ಹಿರೋಶಿ ಮಯೆದಾ ಮತ್ತು ಯಾಸುಹಿರೊ ಮತ್ಸುಮುರಾ ಒಂದು ಮಹತ್ವದ ವಿಷಯ ಕಂಡುಕೊಂಡರು. ಗಡ್ಡೆ ಬೇಗ ಬೇಗ ಬೆಳೆಯುತ್ತದೆ, ಅದರ ರಕ್ತನಾಳಗಳೂ ಗಡಿಬಿಡಿಯಲ್ಲೇ ಹುಟ್ಟುತ್ತವೆ. ಗಾರೆ ಸರಿಯಾಗಿ ತುಂಬದೆ ಅವಸರದಲ್ಲಿ ಎಬ್ಬಿಸಿದ ಗೋಡೆಯ ಹಾಗೆ ಅವುಗಳಲ್ಲಿ ಸಂದುಗಳಿರುತ್ತವೆ. ದೊಡ್ಡ ಅಣುಗಳು ಆ ಸಂದಿನಲ್ಲಿ ಹೊರಗೆ ಜಾರುತ್ತವೆ. ಹೆಚ್ಚಾದ ದ್ರವವನ್ನು ಹೊರಗೆ ಒಯ್ಯುವ ದುಗ್ಧರಸ ನಾಳಗಳೂ ಗಡ್ಡೆಯಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಹಾಗಾಗಿ ಒಳಗೆ ಹೋದದ್ದು ಅಲ್ಲೇ ಉಳಿಯುತ್ತದೆ. ಇಪಿಆರ್ ಪರಿಣಾಮ ಎಂದು ಇದಕ್ಕೆ ಹೆಸರು. ಮುಂದಿನ ಮೂರು ದಶಕಗಳ ನ್ಯಾನೋ ಔಷಧಿ ಸಂಶೋಧನೆಯ ಬಹುಪಾಲು ಇದೇ ಅಡಿಪಾಯದ ಮೇಲೆ ನಿಂತಿತು.

ಮಯೆದಾ ಕಂಡದ್ದು ನಿಜ. ಆದರೆ ಕಂಡದ್ದು ಬಹುಪಾಲು ಇಲಿಗಳಲ್ಲಿ. ಪ್ರಯೋಗಾಲಯದ ಇಲಿಗೆ ಚರ್ಮದಡಿ ಕ್ಯಾನ್ಸರ್ ಕೋಶಗಳನ್ನು ಚುಚ್ಚಿದರೆ ಎರಡು ಮೂರು ವಾರಗಳಲ್ಲಿ ಗಡ್ಡೆ ಎದ್ದುಬಿಡುತ್ತದೆ. 20 ಗ್ರಾಂ ತೂಕದ ಇಲಿಯಲ್ಲಿ ಅರ್ಧ ಗ್ರಾಂ ಗಡ್ಡೆ ಎಂದರೆ 60 ಕಿಲೋ ಮನುಷ್ಯನಲ್ಲಿ ಒಂದೂವರೆ ಕಿಲೋ ಗಡ್ಡೆ ಇದ್ದಂತೆ. ಮನುಷ್ಯರ ಗಡ್ಡೆ ಹಾಗಿರುವುದಿಲ್ಲ. ವರ್ಷಗಟ್ಟಲೆ ನಿಧಾನವಾಗಿ ಬೆಳೆದಿರುತ್ತದೆ, ಒಂದು ಕಡೆ ಸೋರುವ ರಕ್ತನಾಳ ಇದ್ದರೆ ಇನ್ನೊಂದು ಕಡೆ ಬಿಗಿಯಾದದ್ದು, ಮತ್ತೊಂದು ಕಡೆ ರಕ್ತವೇ ಹರಿಯದ ಜಾಗ. 2001ರಲ್ಲಿ ಬ್ರಿಟನ್ನಿನಲ್ಲಿ 17 ರೋಗಿಗಳಿಗೆ ವಿಕಿರಣ ಸೂಸುವ ಲೈಪೊಸೋಮ್ ಕೊಟ್ಟು ಅದು ಎಲ್ಲಿ ಹೋಗುತ್ತದೆಂದು ಸ್ಕ್ಯಾನ್ ಮಾಡಿ ನೋಡಿದರು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಸೇರಿದ ಪ್ರಮಾಣ ಸ್ತನ ಕ್ಯಾನ್ಸರಿನಲ್ಲಿ ಸೇರಿದ್ದಕ್ಕಿಂತ ಸುಮಾರು ಆರು ಪಟ್ಟು ಹೆಚ್ಚು. ಒಂದೇ ಔಷಧಿ, ಆದರೆ ಎಲ್ಲಾ ಗಡ್ಡೆಗಳೂ ಅದಕ್ಕೆ ಒಂದೇ ರೀತಿ ಬಾಗಿಲು ತೆರೆಯುವುದಿಲ್ಲ.

ಬಾಗಿಲು ತೆರೆದರೂ ಒಳಗೆ ಹೋಗುವುದು ಕಷ್ಟವೇ. ಇದನ್ನು ಬಿಡಿಸಿ ತೋರಿಸಿದವರು ರಾಕೇಶ್ ಜೈನ್. ಐಐಟಿ ಕಾನ್ಪುರದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ ಹಾರ್ವರ್ಡ್ ಸೇರಿದವರು. ಕೊಳವೆಗಳಲ್ಲಿ ದ್ರವ ಹೇಗೆ ಹರಿಯುತ್ತದೆ ಎಂಬ ಎಂಜಿನಿಯರಿಂಗ್ ಲೆಕ್ಕವನ್ನು ಅವರು ಗಡ್ಡೆಗೆ ಹಾಕಿದರು. ಗಡ್ಡೆಯೊಳಗೆ ಸೋರಿದ ದ್ರವಕ್ಕೆ ಹೊರಗೆ ಹೋಗಲು ದಾರಿ ಇಲ್ಲದೆ ಒಳಗೆ ಒತ್ತಡ ಏರಿರುತ್ತದೆ. ಆ ಒತ್ತಡ ಔಷಧಿಯನ್ನು ಹೊರಗೇ ತಳ್ಳುತ್ತದೆ. ಸಾಲದ್ದಕ್ಕೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಂಥ ಗಡ್ಡೆಗಳಲ್ಲಿ ಕ್ಯಾನ್ಸರ್ ಕೋಶಗಳ ಸುತ್ತ ದಟ್ಟವಾದ ನಾರಿನ ಹೆಣಿಗೆ ಇರುತ್ತದೆ. ನೂರು ನ್ಯಾನೋಮೀಟರ್ ಕಣ ಅದನ್ನು ದಾಟುವುದು ಬಹಳ ಕಷ್ಟ.

2020ರಲ್ಲಿ ಚಾನ್ ಅವರ ತಂಡ ಇನ್ನೊಂದು ಅಚ್ಚರಿ ಕೊಟ್ಟಿತು. ಗಡ್ಡೆಯೊಳಗೆ ಹೋಗುವ ಕಣಗಳಲ್ಲಿ ಶೇ. 97ರವರೆಗೂ ಸಂದುಗಳಲ್ಲಿ ನುಸುಳುವುದೇ ಇಲ್ಲ. ರಕ್ತನಾಳದ ಗೋಡೆಯ ಜೀವಕೋಶಗಳೇ ಅವುಗಳನ್ನು ಎಳೆದುಕೊಂಡು ಆಚೆ ಸಾಗಿಸುತ್ತವೆ ಎಂದು ಅವರು ವಾದಿಸಿದರು. ಇದು ನಿಜವಾದರೆ ಸಂದಿಗೆ ತಕ್ಕ ಅಳತೆಯ ಕಣ ಮಾಡುತ್ತಾ ಕೂರುವುದರಲ್ಲಿ ಹೆಚ್ಚು ಅರ್ಥವಿಲ್ಲ. ಯಾವ ಜೀವಕೋಶ ಯಾಕೆ ಎಳೆದುಕೊಳ್ಳುತ್ತದೆ ಎಂದು ತಿಳಿಯಬೇಕು.

ಉಳಿದ ಆ 993 ಕಣ ಎಲ್ಲಿ ಹೋದವು? ಹೆಚ್ಚಿನವು ಲಿವರಿಗೆ, ಗುಲ್ಮಕ್ಕೆ. ರಕ್ತದಲ್ಲಿ ಬರುವ ಕಸ ಹೆಕ್ಕುವುದೇ ಲಿವರಿನ ಕುಪ್ಫರ್ ಕೋಶಗಳ ಕೆಲಸ, ಅವು ಅದನ್ನು ಚೆನ್ನಾಗಿ ಮಾಡುತ್ತವೆ. ಅದೇ ವರ್ಷ ಅದೇ ತಂಡ ಇಲಿಗಳಿಗೆ ಒಂದೇ ಸಲಕ್ಕೆ ಒಂದು ಲಕ್ಷ ಕೋಟಿಗಿಂತ ಹೆಚ್ಚು ಕಣಗಳನ್ನು ಕೊಟ್ಟು ಕುಪ್ಫರ್ ಕೋಶಗಳನ್ನು ಸುಸ್ತು ಮಾಡಿ ನೋಡಿತು. ಆಗ ಗಡ್ಡೆಗೆ ತಲುಪಿದ್ದು ಶೇ. 12ರವರೆಗೂ ಏರಿತು. ಮೊದಲೇ ಲಿವರ್ ದುರ್ಬಲವಾಗಿರುವ ರೋಗಿಗೆ ಇದನ್ನು ಮಾಡಬಹುದೇ ಎಂಬುದು ಬೇರೆ ಪ್ರಶ್ನೆ.

ಕಣಕ್ಕೆ ವಿಳಾಸ ಅಂಟಿಸಿ ಕಳಿಸಿದರೆ? ಕ್ಯಾನ್ಸರ್ ಕೋಶದ ಮೈಮೇಲೆ ಇರುವ ಒಂದು ಪ್ರೋಟೀನನ್ನು ಹಿಡಿಯುವ ಪ್ರತಿಕಾಯವನ್ನೋ ಬೇರೆ ಅಣುವನ್ನೋ ಕಣಕ್ಕೆ ಜೋಡಿಸುವುದು, ಇದು ಎಲ್ಲರಿಗೂ ಹೊಳೆಯುವ ಉಪಾಯ. ಕೇಳಲು ಬಹಳ ಚೆನ್ನಾಗಿದೆ. ಅಮೆರಿಕದ ಬೈಂಡ್ ಥೆರಪ್ಯೂಟಿಕ್ಸ್ ಇದೇ ದಾರಿ ಹಿಡಿದಿತ್ತು. ಎಂಐಟಿಯ ರಾಬರ್ಟ್ ಲ್ಯಾಂಗರ್ ಮತ್ತು ಹಾರ್ವರ್ಡಿನ ಓಮಿದ್ ಫರೋಖ್‌ಜಾದ್ ಕಟ್ಟಿದ ಕಂಪನಿ ಅದು. ಪ್ರಯೋಗಗಳು ನಿರೀಕ್ಷಿಸಿದ ಫಲ ಕೊಡಲಿಲ್ಲ. 2016ರ ಮೇ ತಿಂಗಳಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, ಅದರ ಆಸ್ತಿಯನ್ನು ಫೈಜರ್ ಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ ಮೆರಿಮ್ಯಾಕ್ ಕಂಪನಿ ತನ್ನ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿತು. ಕೆಲವು ಸ್ತನ ಕ್ಯಾನ್ಸರ್ ಕೋಶಗಳ ಮೈಮೇಲೆ ಹೆಚ್ಚಾಗಿರುವ ಹರ್2 ಪ್ರೋಟೀನ್ ಹಿಡಿಯುವ ಅವರ ಲೈಪೊಸೋಮ್ ಈಗಿರುವ ಚಿಕಿತ್ಸೆಗಿಂತ ಮೇಲು ಎಂದು ತೋರಿಸುವ ಸಾಧ್ಯತೆ ಕಾಣಲಿಲ್ಲ.

ಕಾರಣ ಆಮೇಲೆ ಇನ್ನಷ್ಟು ಸ್ಪಷ್ಟವಾಯಿತು. 2018ರಲ್ಲಿ ಟೊರೊಂಟೊ ತಂಡ ಪ್ರತಿಕಾಯ ಅಂಟಿಸಿದ ಕಣಗಳನ್ನು ಇಲಿಗಳಲ್ಲಿ ಹಿಂಬಾಲಿಸಿತು. ಹತ್ತು ಲಕ್ಷ ಕಣಗಳಲ್ಲಿ ಕ್ಯಾನ್ಸರ್ ಕೋಶವನ್ನು ತಲುಪಿದ್ದು 14ಕ್ಕಿಂತ ಕಡಿಮೆ. ಗಡ್ಡೆಯೊಳಗೆ ಸೇರಿದವುಗಳಲ್ಲೂ ಬಹಳಷ್ಟು ಆ ನಾರಿನ ಹೆಣಿಗೆಯಲ್ಲಿ ಸಿಕ್ಕಿಕೊಂಡವು, ಇಲ್ಲವೇ ಗಡ್ಡೆಯೊಳಗೇ ಇರುವ ನುಂಗುಕೋಶಗಳ ಪಾಲಾದವು. ವಿಳಾಸ ಕೆಲಸಕ್ಕೆ ಬರುವುದು ಕ್ಯಾನ್ಸರ್ ಕೋಶದ ಪಕ್ಕಕ್ಕೆ ಹೋಗಿ ನಿಂತ ಮೇಲೆ. ಅಲ್ಲಿಯವರೆಗಿನ ದಾರಿಯನ್ನು ಅದು ತೋರಿಸುವುದಿಲ್ಲ.

ಈ ಶೇಕಡಾ ಲೆಕ್ಕವನ್ನೇ ಪ್ರಶ್ನಿಸುವ ಔಷಧ ತಜ್ಞರೂ ಇದ್ದಾರೆ. ಮಾಮೂಲಿ ಕೀಮೋದಲ್ಲೂ ಗಡ್ಡೆಗೆ ಹೋಗುವುದು ಚೂರೇ ಚೂರು, ಅದರಿಂದಲೇ ರೋಗಿಗಳು ಗುಣವಾಗುತ್ತಿದ್ದಾರೆ ಎನ್ನುತ್ತಾರೆ ಅವರು. ಗಡ್ಡೆಯಲ್ಲಿ ಔಷಧಿ ಎಷ್ಟು ಹೊತ್ತು ನಿಂತಿತು, ಉಳಿದ ಅಂಗಗಳಿಗೆ ಎಷ್ಟು ತಾಗಿತು ಎಂಬುದೇ ಅವರ ಪ್ರಕಾರ ಸರಿಯಾದ ಅಳತೆ. ಈ ಮಾತಿನಲ್ಲಿ ತೂಕ ಇದೆ. ನಾನು ಹೇಳುತ್ತಿರುವುದೂ ಇದಕ್ಕೆ ಹತ್ತಿರದ್ದೇ: ಹೃದಯ ಎಷ್ಟು ಉಳಿಯಿತು, ನರ ಎಷ್ಟು ಉಳಿಯಿತು, ರೋಗಿ ಪೂರ್ತಿ ಡೋಸು ಮುಗಿಸಲು ಸಾಧ್ಯವಾಯಿತೇ ಎಂದು ನೋಡಬೇಕು.

ಹಾಗೆ ನೋಡಿದರೆ ಎರಡನೆಯ ದೊಡ್ಡ ನ್ಯಾನೋ ಔಷಧಿ ಅಬ್ರಾಕ್ಸೇನ್ ಕೂಡ ಚೆನ್ನಾಗಿ ಅರ್ಥವಾಗುತ್ತದೆ. ಅದರಲ್ಲಿರುವ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋ ಔಷಧಿ ನೀರಿನಲ್ಲಿ ಕರಗದು. ಅದನ್ನು ಕರಗಿಸಲು ಹರಳೆಣ್ಣೆಯಿಂದ ಮಾಡಿದ ಕ್ರೆಮೊಫೋರ್ ಎಂಬ ದ್ರಾವಕ ಬಳಸುತ್ತಿದ್ದರು, ಈಗಲೂ ಬಳಸುತ್ತಾರೆ. ಈ ದ್ರಾವಕಕ್ಕೆ ಕೆಲವರಲ್ಲಿ ತೀವ್ರ ಅಲರ್ಜಿ ಆಗುತ್ತದೆ. ಅದಕ್ಕೇ ಮೊದಲು ಸ್ಟೀರಾಯ್ಡ್ ಕೊಟ್ಟು, ಆಮೇಲೆ ಗಂಟೆಗಟ್ಟಲೆ ನಿಧಾನವಾಗಿ ಡ್ರಿಪ್ ಹಾಕಬೇಕು. 2005ರಲ್ಲಿ ಒಪ್ಪಿಗೆ ಪಡೆದ ಅಬ್ರಾಕ್ಸೇನಿನಲ್ಲಿ ಔಷಧಿಯನ್ನು ನಮ್ಮ ರಕ್ತದಲ್ಲೇ ಇರುವ ಆಲ್ಬುಮಿನ್ ಪ್ರೋಟೀನಿನ ಜೊತೆ ಸೇರಿಸಿ ಸುಮಾರು 130 ನ್ಯಾನೋಮೀಟರಿನ ಕಣ ಮಾಡಿದ್ದಾರೆ. ದ್ರಾವಕ ಬೇಡ, ಅರ್ಧ ಗಂಟೆಯಲ್ಲಿ ಕೊಡಬಹುದು. ಹರಡಿದ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ 861 ರೋಗಿಗಳ ಅಧ್ಯಯನ 2013ರಲ್ಲಿ ಬಂತು. ಜೆಮ್‌ಸಿಟಬಿನ್ ಎಂಬ ಕೀಮೋ ಔಷಧಿ ಒಂದನ್ನೇ ಪಡೆದವರು ಮಧ್ಯಾಂಕದ ಲೆಕ್ಕದಲ್ಲಿ 6.7 ತಿಂಗಳು ಬದುಕಿದರೆ, ಜೊತೆಗೆ ಅಬ್ರಾಕ್ಸೇನ್ ಪಡೆದವರು 8.5 ತಿಂಗಳು. ಎಂಟು ವಾರದಷ್ಟು ಲಾಭ. ಆ ರೋಗದಲ್ಲಿ ಅದು ದೊಡ್ಡದು, ಆದರೆ ಪವಾಡ ಅಲ್ಲ.

ಇಲ್ಲಿ ಭಾರತದ ಪಾತ್ರವೂ ಇದೆ. 2011ರ ಕೊನೆಯಲ್ಲಿ ಅಮೆರಿಕದ ಓಹಾಯೊದಲ್ಲಿ ಡಾಕ್ಸಿಲ್ ತಯಾರಿಸುತ್ತಿದ್ದ ಕಾರ್ಖಾನೆ ಕೆಲಸ ನಿಲ್ಲಿಸಿತು. ಇಡೀ ದೇಶದಲ್ಲಿ ಔಷಧಿಗೆ ಬರ ಬಂತು. 2012ರ ಫೆಬ್ರುವರಿಯಲ್ಲಿ ಎಫ್‌ಡಿಎ ಭಾರತದ ಸನ್ ಫಾರ್ಮಾದ ಲಿಪೊಡಾಕ್ಸ್ ತರಿಸಿಕೊಳ್ಳಲು ತಾತ್ಕಾಲಿಕ ಅನುಮತಿ ಕೊಟ್ಟಿತು. ಮುಂದಿನ ವರ್ಷ ಸನ್ ಫಾರ್ಮಾದ ಜೆನೆರಿಕ್‌ಗೆ ಪೂರ್ಣ ಒಪ್ಪಿಗೆಯೇ ಸಿಕ್ಕಿತು. ಇದು ಸುಮ್ನೆ ಹೆಮ್ಮೆ ಪಡುವ ವಿಷಯ ಮಾತ್ರ ಅಲ್ಲ. ಇಂಥ ಔಷಧಿಯ ಜೆನೆರಿಕ್ ಮಾಡುವುದು ಪ್ಯಾರಸಿಟಮಾಲ್ ಮಾಡಿದಂತಲ್ಲ. ಕಣದ ಅಳತೆ, ಪದರದ ರಚನೆ, ಒಳಗಿನ ಹರಳು ಸ್ವಲ್ಪ ಬದಲಾದರೂ ಅದು ದೇಹದಲ್ಲಿ ನಡೆದುಕೊಳ್ಳುವ ರೀತಿ ಬದಲಾಗುತ್ತದೆ. 2019ರಲ್ಲಿ ಭಾರತದ ಜೈವಿಕ ತಂತ್ರಜ್ಞಾನ ಇಲಾಖೆ ನ್ಯಾನೋ ಔಷಧಿಗಳನ್ನು ಪರೀಕ್ಷಿಸುವ ಮಾರ್ಗಸೂಚಿ ಹೊರತಂದಿದ್ದು ಇದಕ್ಕೇ ಮುಖ್ಯ.

ಬೆಂಗಳೂರಿನಲ್ಲೂ ಕೆಲಸ ನಡೆದಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಅಂಬರೀಶ್ ಘೋಷ್ ಅವರ ತಂಡ ಸುರುಳಿ ಆಕಾರದ ಸೂಕ್ಷ್ಮ ಕಣಗಳನ್ನು ಮಾಡಿ, ಹೊರಗಿನಿಂದ ಅಯಸ್ಕಾಂತ ಕ್ಷೇತ್ರದಿಂದ ತಿರುಗಿಸಿ ಓಡಿಸುತ್ತದೆ. 2020ರಲ್ಲಿ ಅವರು ಪ್ರಕಟಿಸಿದ ಕೆಲಸದಲ್ಲಿ ಈ ಕಣಗಳು ಕ್ಯಾನ್ಸರ್ ಕೋಶಗಳ ಹತ್ತಿರ ಹೋದಾಗ ಸುತ್ತಲಿನ ಹೆಣಿಗೆಗೆ ಹೆಚ್ಚಾಗಿ ಅಂಟಿಕೊಂಡವು. ಆ ಜಾಗದ ವಿದ್ಯುದಾವೇಶವೇ ಬೇರೆ ಎಂಬುದು ಇದರಿಂದ ಗೊತ್ತಾಯಿತು. ಇದು ಪ್ರಯೋಗಾಲಯದ ತಟ್ಟೆಯಲ್ಲಿ ನಡೆದ ಕೆಲಸ, ರೋಗಿಗಳಲ್ಲಿ ಅಲ್ಲ. ಆದರೂ ನನಗೆ ಇಷ್ಟವಾಗುವುದು ಇಂಥ ಸಂಶೋಧನೆಯೇ. ಗಡ್ಡೆಯ ಸುತ್ತಲಿನ ಜಾಗ ಹೇಗಿದೆ ಎಂದು ಮೊದಲು ತಿಳಿಯೋಣ ಎಂಬ ತಾಳ್ಮೆ ಅದರಲ್ಲಿದೆ.

ಈಚಿನ ವರ್ಷಗಳ ಒಳ್ಳೆಯ ಸುದ್ದಿಗಳನ್ನು ಗಮನಿಸಿ. ಕಣ ಗಡ್ಡೆಯನ್ನು ಹುಡುಕಬೇಕಾದ ಅಗತ್ಯವೇ ಇಲ್ಲದ ಕಡೆಗಳಿಂದ ಅವು ಬರುತ್ತಿವೆ. 2017ರಲ್ಲಿ ಒಪ್ಪಿಗೆ ಪಡೆದ ವಿಕ್ಸಿಯೋಸ್ ರಕ್ತದ ಕ್ಯಾನ್ಸರಿಗೆ ಕೊಡುವ ಲೈಪೊಸೋಮ್. ಎರಡು ಔಷಧಿಗಳನ್ನು 5:1ರ ಅನುಪಾತದಲ್ಲಿ ಒಂದೇ ಗುಳ್ಳೆಯಲ್ಲಿ ಹಿಡಿದಿಟ್ಟು, ಮೂಳೆಮಜ್ಜೆಯವರೆಗೂ ಆ ಅನುಪಾತ ಕೆಡದಂತೆ ನೋಡಿಕೊಳ್ಳುತ್ತದೆ. ವಯಸ್ಸಾದ ರೋಗಿಗಳಲ್ಲಿ ಬದುಕಿನ ಅವಧಿ 5.95 ತಿಂಗಳಿಂದ 9.56 ತಿಂಗಳಿಗೆ ಏರಿತು. ಯುರೋಪಿನಲ್ಲಿ 2019ರಲ್ಲಿ ಅನುಮತಿ ಪಡೆದ ಹ್ಯಾಫ್ನಿಯಂ ಆಕ್ಸೈಡ್ ಕಣಗಳನ್ನು ಸೂಜಿಯಿಂದ ನೇರವಾಗಿ ಗಡ್ಡೆಗೇ ಚುಚ್ಚುತ್ತಾರೆ, ಆಮೇಲೆ ಕೊಡುವ ವಿಕಿರಣ ಅಲ್ಲಿ ಜೋರಾಗಿ ಕೆಲಸ ಮಾಡುತ್ತದೆ. ಕೋವಿಡ್ ಲಸಿಕೆಯಿಂದ ಹೆಸರಾದ ಕೊಬ್ಬಿನ ನ್ಯಾನೋಕಣಗಳಲ್ಲಿ ಈಗ ಪ್ರತಿ ರೋಗಿಗೂ ಬೇರೆಯಾಗಿ ಮಾಡಿದ ಎಂಆರ್‌ಎನ್‌ಎ ಇಟ್ಟು ತೋಳಿಗೆ ಚುಚ್ಚುತ್ತಿದ್ದಾರೆ. ಗಡ್ಡೆಯನ್ನು ಹುಡುಕುವ ಕೆಲಸವನ್ನು ರೋಗಿಯ ರೋಗನಿರೋಧಕ ಕೋಶಗಳೇ ಮಾಡುತ್ತವೆ. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರಿನ 157 ರೋಗಿಗಳ ಪ್ರಯೋಗದಲ್ಲಿ, ಇಮ್ಯುನೋಥೆರಪಿಯ ಜೊತೆ ಇದನ್ನೂ ಪಡೆದವರಿಗೆ, ಇಮ್ಯುನೋಥೆರಪಿ ಒಂದನ್ನೇ ಪಡೆದವರಿಗಿಂತ, ರೋಗ ಮರುಕಳಿಸುವ ಅಥವಾ ಸಾವಿನ ಅಪಾಯ ಶೇ. 44ರಷ್ಟು ಇಳಿಯಿತು. ಇದು ಎರಡನೇ ಹಂತದ ಪ್ರಯೋಗ, ಇದನ್ನು ಖಚಿತಪಡಿಸಲು ಮೂರನೇ ಹಂತ ಬೇಕು.

ರಕ್ತದ ಮೂಲಕವೇ ಗಡ್ಡೆಗೆ ಹೋಗಬೇಕಾದ ಔಷಧಿಗಳಿಗೆ ನನ್ನ ಪ್ರಕಾರ ಮಾಡಬೇಕಾದ ಕೆಲಸ ಒಂದೇ. ಯಾವ ರೋಗಿಯ ಗಡ್ಡೆ ಕಣಗಳನ್ನು ಒಳಗೆ ಬಿಡುತ್ತದೆ ಎಂದು ಮೊದಲೇ ಸ್ಕ್ಯಾನ್ ಮಾಡಿ ನೋಡಿ, ಅಂಥವರಿಗೆ ಮಾತ್ರ ಕೊಡಬೇಕು. ಹರ್2 ಪರೀಕ್ಷೆ ಮಾಡದೆ ಯಾರೂ ಆ ಪ್ರೋಟೀನನ್ನು ಹಿಡಿಯುವ ಟ್ರಾಸ್ಟುಜುಮ್ಯಾಬ್ ಎಂಬ ಔಷಧಿಯನ್ನು ಕೊಡುವುದಿಲ್ಲ. ನ್ಯಾನೋ ಔಷಧಿಗಳ ಪ್ರಯೋಗಗಳಲ್ಲಿ ಮಾತ್ರ ಎಲ್ಲರನ್ನೂ ಒಟ್ಟಿಗೆ ಸೇರಿಸಿ, ಸರಾಸರಿ ತೆಗೆದು, ಕೆಲಸ ಮಾಡಲಿಲ್ಲ ಎಂದು ಮುಚ್ಚಿದ್ದು ಹೆಚ್ಚು. ಆ ಸರಾಸರಿಯೊಳಗೆ ಲಾಭ ಪಡೆಯಬಹುದಾಗಿದ್ದ ರೋಗಿಗಳೂ ಇದ್ದಿರಬೇಕು.

ಮನೆಯಲ್ಲಿ ಚಿಕಿತ್ಸೆ ನಡೆಯುತ್ತಿದ್ದರೆ ಈಗಲೇ ಕೆಲಸಕ್ಕೆ ಬರುವ ಮಾತು ಒಂದಿಷ್ಟು ಇದೆ. 'ನ್ಯಾನೋ' ಎಂದು ಬರೆದ ಅರಿಶಿನದ ಕ್ಯಾಪ್ಸೂಲು, ಪುಡಿಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಅವು ಮೇಲೆ ಹೇಳಿದ ಯಾವ ಔಷಧಿಗೂ ಸಮ ಅಲ್ಲ, ಕೀಮೋ ನಡೆಯುವಾಗ ಡಾಕ್ಟರಿಗೆ ಹೇಳದೆ ತೆಗೆದುಕೊಳ್ಳಬಾರದು. ಹೊಸ ನ್ಯಾನೋ ಔಷಧಿಯ ಪ್ರಯೋಗಕ್ಕೆ ಸೇರಿ ಎಂದು ಯಾರಾದರೂ ಕೇಳಿದರೆ ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ಭಾರತದಲ್ಲಿ ರೋಗಿಗಳ ಮೇಲಿನ ಔಷಧ ಪ್ರಯೋಗಗಳೆಲ್ಲ 2009ರಿಂದ ಅಲ್ಲಿ ಕಡ್ಡಾಯವಾಗಿ ದಾಖಲಾಗಬೇಕು, ಆ ದಾಖಲೆಯನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಲೈಪೊಸೋಮಿನ ಕೆಂಪು ಔಷಧಿ ಬೇಕೇ ಎಂಬ ಪ್ರಶ್ನೆ ಬಂದಾಗ ಹೆಚ್ಚು ದುಡ್ಡು ಕೊಟ್ಟರೆ ಕ್ಯಾನ್ಸರ್ ಬೇಗ ಹೋಗುತ್ತದಾ ಎಂದು ಕೇಳಿ ಪ್ರಯೋಜನವಿಲ್ಲ. ಹೋಗುವುದಿಲ್ಲ ಎಂಬುದಕ್ಕೆ 2004ರ ಅಧ್ಯಯನವೇ ಉತ್ತರ. ಕೇಳಬೇಕಾದದ್ದು ಇದು: ನಮ್ಮವರ ಹೃದಯದ ಎಕೋ ಹೇಗಿದೆ, ಇದುವರೆಗೆ ಎಷ್ಟು ಮಿಲಿಗ್ರಾಂ ಹೋಗಿದೆ, ಮೊದಲೇ ಬಿಪಿ ಅಥವಾ ಹೃದಯದ ತೊಂದರೆ ಇದೆಯೇ? ಹೃದಯ ಗಟ್ಟಿಯಾಗಿದ್ದು ನಾಲ್ಕೇ ಸುತ್ತು ಕೊಡುವುದಿದ್ದರೆ ಕಡಿಮೆ ಬೆಲೆಯ ಮಾಮೂಲಿ ಔಷಧಿಯೇ ಸಾಕು ಎಂದು ಡಾಕ್ಟರ್ ಹೇಳಬಹುದು. ಹಾಗೆ ಹೇಳಿದರೆ ಕಡಿಮೆ ಚಿಕಿತ್ಸೆ ಕೊಟ್ಟರು ಎಂದು ಕೊರಗಬೇಕಿಲ್ಲ.